ಲಾರಿಲ್ ಆಲ್ಕೋಹಾಲ್ ನಾಲೆಗೆ ಹೋದರೆ ಏನಾಗುತ್ತದೆ? ಒಂದೇ ಕಾಗದದಲ್ಲಿ ಎರಡು ಮಾತು!

ಭೋಸರಿ ಬಸು, ಪುಣೆ

ಎಲ್ಲರಿಗೂ ನಮಸ್ಕಾರ. ಕೆಮಿಸ್ಟ್ರಿ ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ. ನಮ್ಮ ಸೋದರಮಾವನ ಮಗನದ್ದು ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಘಟಕ ಇದೆ. ಕ್ರೀಮು, ಲೋಷನ್ ಮಾಡುವವರಿಗೆ ಮಾಲು ಬೆರೆಸಿಕೊಡುತ್ತಾರೆ. ನಾನು ಅಲ್ಲಿ ಲೆಕ್ಕಪತ್ರ ನೋಡುತ್ತೇನೆ. ಜನವರಿ ಚಳಿಗೆ ಲಾರಿಲ್ ಆಲ್ಕೋಹಾಲ್ (ಕ್ರೀಮಿಗೆ ಹಾಕುವ ಎಣ್ಣೆಯಂಥ ವಸ್ತು) ಡ್ರಮ್‌ನೊಳಗೆ ಕಲ್ಲಾಗಿ ಕೂತಿತ್ತು. ಹುಡುಗರು ಡ್ರಮ್ ಮೇಲೆ ಬಿಸಿನೀರು ಸುರಿದು ಕರಗಿಸಿದರು. ಬಗ್ಗಿಸುವಾಗ ಒಂದಷ್ಟು ನೆಲಕ್ಕೆ ಚೆಲ್ಲಿತು. ಅದನ್ನೂ ಬಿಸಿನೀರು ಹಾಕಿಯೇ ಮೋರಿಗೆ ತೊಳೆದರು. ಪಕ್ಕದ ಶೆಡ್‌ನವರು ಬಂದು ‘ನಾಲೆಗೆ ವಿಷ ಬಿಟ್ರಿ’ ಅಂತ ದೊಡ್ಡ ಗಲಾಟೆ.

ಆಮೇಲೆ ಮಾಲಿನ ಜೊತೆ ಬಂದ ಎಂಎಸ್‌ಡಿಎಸ್, ಅಂದರೆ ಸುರಕ್ಷತಾ ಮಾಹಿತಿಯ ಕಾಗದ, ತೆಗೆದು ಓದಿದೆ. ಒಂದು ಕಡೆ ‘ಜಲಚರಗಳಿಗೆ ತುಂಬಾ ವಿಷಕಾರಿ’ ಎಂದಿದೆ. ಸತ್ತ ಮೀನು, ಒಣಗಿದ ಮರದ ಚಿತ್ರ ಬೇರೆ. ಎರಡು ಪುಟ ದಾಟಿದರೆ ‘ಪರಿಸರದಲ್ಲಿ ಸುಲಭವಾಗಿ ಕೊಳೆಯುತ್ತದೆ’ ಎಂದಿದೆ. ಯಾವುದನ್ನು ನಂಬಬೇಕು?

ತಳೋಜಾ ಮೂರನೇ ಪಾಳಿ, ನವಿ ಮುಂಬೈ

ಎರಡೂ ನಿಜ ಬಸು. ಅದು ಹೇಗೆ ಅಂತ ರಾಯರು ಬಂದು ಹೇಳುತ್ತಾರೆ. ನಾನು ಡ್ರಮ್ ವಿಷಯ ಹೇಳಿಬಿಡುತ್ತೇನೆ.

ಶುದ್ಧ ಲಾರಿಲ್, ಅಂದರೆ ಹನ್ನೆರಡು ಕಾರ್ಬನ್‌ನದ್ದು, 24 ಡಿಗ್ರಿಗೆ ಕರಗುತ್ತದೆ. ಕೊಬ್ಬರಿ ಎಣ್ಣೆಯ ಹಾಗೇ. ಮುಂಬೈಯಲ್ಲಿ ವರ್ಷದ ಬಹುಪಾಲು ಅದು ನೀರಿನಂತೆ ಹರಿಯುತ್ತದೆ, ಯಾರಿಗೂ ತೊಂದರೆ ಇಲ್ಲ. ಅದೇ ಡ್ರಮ್ಮು ಘಾಟ್ ಹತ್ತಿ ಪುಣೆಗೆ ಬಂದರೆ ಚಳಿಗಾಲದ ಒಂದು ರಾತ್ರಿ ಸಾಕು. ಮಾಲು ಕೆಟ್ಟಿಲ್ಲ, ಸಪ್ಲೈಯರ್ ಜೊತೆ ಜಗಳ ಮಾಡಬೇಡಿ.

ಆದರೆ ಒಂದು ವಿಷಯ ಗಮನಿಸಿ. ಮಾರುಕಟ್ಟೆಯ ಲಾರಿಲ್ ಹೆಚ್ಚಾಗಿ ಹನ್ನೆರಡು ಮತ್ತು ಹದಿನಾಲ್ಕು ಕಾರ್ಬನ್‌ಗಳ ಮಿಶ್ರಣ. ಅರ್ಧ ಕರಗಿದಾಗ ಮೇಲಿನ ತಿಳಿ ತೆಗೆದು ಬಳಸಿದರೆ ಆ ತಿಳಿಯ ಪ್ರಮಾಣವೇ ಬೇರೆ, ತಳದ ಗಟ್ಟಿಯ ಪ್ರಮಾಣವೇ ಬೇರೆ. ಮುಂದಿನ ಬ್ಯಾಚ್ ಏಕೆ ಕೈಕೊಟ್ಟಿತು ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ಪೂರ್ತಿ ಕರಗಬೇಕು, ಡ್ರಮ್ ಉರುಳಿಸಿ ಕಲಸಬೇಕು, ಆಮೇಲೇ ತೆಗೆಯಬೇಕು. ಕರಗಿಸಲು ಬಿಸಿನೀರಿನ ತೊಟ್ಟಿ ಅಥವಾ ಡ್ರಮ್ ಹೀಟರ್ ಸಾಕು. ಬೂಚು ಸಡಿಲ ಮಾಡಿರಿ. ಗ್ಯಾಸ್ ಒಲೆ, ಬ್ಲೋ ಲ್ಯಾಂಪ್ ಹತ್ತಿರ ತರಬೇಡಿ. ಸ್ಪಿರಿಟ್ ಥರ ಭಗ್ಗನೆ ಹತ್ತಿಕೊಳ್ಳುವುದಿಲ್ಲ, ನೂರು ಡಿಗ್ರಿ ದಾಟಿದ ಮೇಲೇ ಹೊತ್ತಿಕೊಳ್ಳುವಷ್ಟು ಆವಿ ಬರುತ್ತದೆ. ಆದರೆ ಜ್ವಾಲೆ ತಾಗುವ ಜಾಗದಲ್ಲಿ ಡ್ರಮ್ಮಿನ ತಗಡು ಅಷ್ಟು ಬಿಸಿಯಾಗಲು ಎಷ್ಟು ಹೊತ್ತು ಬೇಕು?

ಮಾಟುಂಗಾ ರಾಯರು, ಮುಂಬೈ

ಬಂದೆನಪ್ಪಾ. ನಮ್ಮ ಕಾಲದ ಯುಡಿಸಿಟಿಯಲ್ಲಿ, ಮುಂಬೈಯ ಕೆಮಿಕಲ್ ಟೆಕ್ನಾಲಜಿ ಕಾಲೇಜು, ಈಗ ಅದನ್ನು ಐಸಿಟಿ ಅನ್ನುತ್ತಾರೆ, ಎಣ್ಣೆ ವಿಭಾಗದಲ್ಲಿ ಓದಿದವನು ನಾನು. ಇಂಥ ಪ್ರಶ್ನೆ ಕಂಡರೆ ಸುಮ್ನೆ ಇರಲಾಗುವುದಿಲ್ಲ.

ಮೊದಲು ಆ ಎರಡು ಮಾತಿನ ವಿಷಯ. ಮೀನಿನ ಪರೀಕ್ಷೆ ನಡೆಯುವುದು 96 ಗಂಟೆ, ಅಂದರೆ ನಾಲ್ಕು ದಿನ. ಅಷ್ಟರಲ್ಲಿ ಅರ್ಧ ಮೀನುಗಳು ಸಾಯುವ ಪ್ರಮಾಣ ಎಷ್ಟು ಎಂದು ನೋಡುತ್ತಾರೆ. ಲಾರಿಲ್‌ಗೆ ಅದು ಲೀಟರಿಗೆ 1 ಮಿಲಿಗ್ರಾಂ ಆಸುಪಾಸು. ಕೊಳೆಯುವ ಪರೀಕ್ಷೆ ನಡೆಯುವುದು 28 ದಿನ. ಕೊಳೆಯಲು ಬೇಕಾದ ಒಟ್ಟು ಆಕ್ಸಿಜನ್‌ನಲ್ಲಿ ಶೇ. 60ರಷ್ಟನ್ನು ಆ ಅವಧಿಯಲ್ಲಿ ಬ್ಯಾಕ್ಟೀರಿಯಾ ಬಳಸಿಕೊಂಡರೆ ಪಾಸು. ಒಂದು ಗಡಿಯಾರ ನಾಲ್ಕು ದಿನದ್ದು, ಇನ್ನೊಂದು ನಾಲ್ಕು ವಾರದ್ದು. ಹಾಗಾಗಿ ಒಂದೇ ಕಾಗದದಲ್ಲಿ ಎರಡೂ ಮಾತು ಇರಬಹುದು. ನಾಡಿದ್ದು ಕೊಳೆಯುವ ವಸ್ತು ಇವತ್ತು ಮೀನು ಕೊಲ್ಲಬಾರದು ಅಂತೇನೂ ಇಲ್ಲವಲ್ಲ.

ಏಕೆ ಕೊಲ್ಲುತ್ತದೆ ಅಂತೀರಾ? ಅಣುವಿನ ಆಕಾರ ನೋಡಿ. ಒಂದು ತುದಿಯಲ್ಲಿ ನೀರನ್ನು ಇಷ್ಟಪಡುವ ಓಎಚ್. ಮಿಕ್ಕಿದ್ದೆಲ್ಲ ಎಣ್ಣೆಯ ಸ್ವಭಾವದ ಕಾರ್ಬನ್ ಸರಪಳಿ. ಎರಡು ಕಾರ್ಬನ್‌ನ ಎಥನಾಲ್ ನೀರಿನಲ್ಲಿ ಎಷ್ಟು ಬೇಕಾದರೂ ಬೆರೆಯುತ್ತದೆ. ಎಂಟರ ಆಕ್ಟನಾಲ್ ಲೀಟರಿಗೆ ಅರ್ಧ ಗ್ರಾಂನಷ್ಟು ಕರಗುತ್ತದೆ. ಹನ್ನೆರಡರ ಲಾರಿಲ್ ಕೆಲವೇ ಮಿಲಿಗ್ರಾಂ. ಹದಿನಾರರ ಸೀಟೈಲ್ ಬಹುತೇಕ ಕರಗುವುದೇ ಇಲ್ಲ. ಸರಪಳಿ ಉದ್ದವಾದಷ್ಟೂ ಅದು ನೀರು ಬಿಟ್ಟು ಕೊಬ್ಬಿಗೆ ಸೇರಲು ನೋಡುತ್ತದೆ. ಲಾರಿಲ್ ನೀರಿಗಿಂತ ಸುಮಾರು ಒಂದು ಲಕ್ಷ ಪಟ್ಟು ಜಾಸ್ತಿ ಕೊಬ್ಬಿನ ಕಡೆ ವಾಲುತ್ತದೆ. ಮೀನಿನ ಕಿವಿರಿನ ಪೊರೆ ಕೊಬ್ಬಿನದೇ ಅಲ್ವಾ? ಅಲ್ಲಿ ಹೊಕ್ಕು ಕೂತರೆ ಮೀನು ಮಂಕಾಗಿ ಮೇಲೆ ತೇಲುತ್ತದೆ.

ಹಾಗಿದ್ದರೆ ಸರಪಳಿ ಉದ್ದವಾದಷ್ಟೂ ವಿಷ ಜಾಸ್ತಿಯಾಗಬೇಕು. ಆದರೆ ಹಾಗಾಗುವುದಿಲ್ಲ. ಒಂದು ಹಂತ ದಾಟಿದರೆ ಮೀನನ್ನು ಕೊಲ್ಲುವಷ್ಟು ಪ್ರಮಾಣ ನೀರಿನಲ್ಲಿ ಕರಗಲೇ ಆಗದು. ಅದಕ್ಕೇ ಹನ್ನೆರಡು, ಹದಿನಾಲ್ಕರ ಹತ್ತಿರ ವಿಷ ಏರಿ, ಹದಿನಾರು, ಹದಿನೆಂಟಕ್ಕೆ ಬಂದಾಗ ಕಾಣೆಯಾಗುತ್ತದೆ. ನಿಮ್ಮ ಮಾವನ ಮಗ ಸೀಟೈಲ್ ಚೆಲ್ಲಿದ್ದರೆ ನಾಲೆಯ ಮೀನಿಗೆ ಗೊತ್ತೂ ಆಗುತ್ತಿರಲಿಲ್ಲ. ಲಾರಿಲ್ ಚೆಲ್ಲಿದ್ದು ದುರದೃಷ್ಟ.

ಭೀಮಾತೀರದವ, ಪುಣೆ

ಹಿಂಜೆವಾಡಿಯಲ್ಲಿ ಕೆಲಸ, ಊರು ಅಫಜಲಪುರದ ಕಡೆ. ನೀವೆಲ್ಲ ನಾಲೆ ನಾಲೆ ಅಂತೀರಿ. ಆ ನಾಲೆ ಇಂದ್ರಾಯಣಿ ಸೇರುತ್ತದೆ, ಇಂದ್ರಾಯಣಿ ತುಳಾಪುರದಲ್ಲಿ ಭೀಮೆ ಸೇರುತ್ತದೆ. ಪುಣೆಯ ಮುಳಾ–ಮುಠಾ ಕೂಡ ಮುಂದೆ ಅದೇ ಭೀಮೆಗೆ. ಅಲ್ಲಿಂದ ಉಜನಿ ಅಣೆಕಟ್ಟು, ಪಂಢರಪುರ, ಆಮೇಲೆ ನಮ್ಮ ಜಿಲ್ಲೆ. ಆಳಂದಿಯಲ್ಲಿ ನದಿ ತುಂಬಾ ಬಿಳಿ ನೊರೆ ನಿಂತಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. ವಿಠ್ಠಲನ ಯಾತ್ರೆಗೆ ಬರುವ ವಾರಕರಿಗಳು ಅದರಲ್ಲೇ ಸ್ನಾನ ಮಾಡುತ್ತಾರೆ. ಆ ನೊರೆ ಇದೇ ಆಲ್ಕೋಹಾಲ್‌ನದ್ದಾ? ನೇರವಾಗಿ ಹೇಳಿ ರಾಯರೇ.

ಮಾಟುಂಗಾ ರಾಯರು, ಮುಂಬೈ

ನೇರವಾಗಿ ಹೇಳುತ್ತೇನೆ. ಬರೀ ಲಾರಿಲ್ ಆಲ್ಕೋಹಾಲ್ ನೀರಿಗೆ ಹಾಕಿ ಕಲಕಿದರೆ ನೊರೆ ಬರುವುದಿಲ್ಲ, ಎಣ್ಣೆಯ ಪಸೆಯಾಗಿ ತೇಲುತ್ತದೆ. ಹದಿನಾರು–ಹದಿನೆಂಟರವನ್ನು ಕಾಗದದ ಕಾರ್ಖಾನೆಗಳಲ್ಲಿ ನೊರೆ ಇಳಿಸಲು ಬಳಸುತ್ತಾರೆ! ಲಾರಿಲ್ ಮಾತ್ರ ತಂಟೆಕೋರ. ಶಾಂಪೂವಿನಂಥ ಸರ್ಫ್ಯಾಕ್ಟಂಟ್ (ನೊರೆ ಬರಿಸುವ ವಸ್ತು) ಜೊತೆ ಚೂರು ಸೇರಿದರೆ ಇದ್ದ ನೊರೆಯನ್ನು ಇನ್ನಷ್ಟು ಹೊತ್ತು ನಿಲ್ಲಿಸುತ್ತದೆ.

ನದಿಯ ನೊರೆಗೆ ಮುಖ್ಯ ಕಾರಣ ಸಂಸ್ಕರಣೆಯಾಗದ ಕೊಳಚೆ. ಅದರಲ್ಲಿರುವ ಡಿಟರ್ಜೆಂಟು, ಜೊತೆಗೆ ಕೊಳೆಯುವ ಪದಾರ್ಥದ ಪ್ರೋಟೀನು. ಬಂಧಾರದ ಮೇಲಿಂದ ನೀರು ಧುಮುಕಿದಾಗ ಗಾಳಿ ಸೇರಿ ಉಬ್ಬುತ್ತದೆ. ನಿಮ್ಮ ಮನೆಯ ಶಾಂಪೂ, ಹ್ಯಾಂಡ್‌ವಾಶ್ ಬಾಟಲಿಗಳ ಹಿಂದೆ ಸೋಡಿಯಂ ಲಾರೆತ್ ಸಲ್ಫೇಟ್, ಅಂದರೆ ಎಸ್‌ಎಲ್‌ಇಎಸ್, ಎಂದು ಇರುತ್ತದೆ ನೋಡಿ. ಅದು ಹುಟ್ಟುವುದೇ ಲಾರಿಲ್ ಆಲ್ಕೋಹಾಲ್‌ನಿಂದ. ಮೊದಲು ಎಥಿಲೀನ್ ಆಕ್ಸೈಡ್ ಸೇರಿಸುತ್ತಾರೆ, ಆಮೇಲೆ ಗಂಧಕದ ಟ್ರೈಆಕ್ಸೈಡ್, ಕೊನೆಗೆ ಕಾಸ್ಟಿಕ್ ಸೋಡಾ. ಎಥಿಲೀನ್ ಆಕ್ಸೈಡ್ ಹಂತ ಬಿಟ್ಟರೆ ಸಿಗುವುದು ಸೋಡಿಯಂ ಲಾರಿಲ್ ಸಲ್ಫೇಟ್, ಅಂದರೆ ಎಸ್‌ಎಲ್‌ಎಸ್.

ಇದನ್ನು ಬ್ಯಾಕ್ಟೀರಿಯಾ ಹೇಗೆ ತಿನ್ನುತ್ತದೆ ಅಂದರೆ, ಎಸ್‌ಎಲ್‌ಎಸ್‌ನ ಗಂಧಕದ ತಲೆಯನ್ನು ಮೊದಲು ಕತ್ತರಿಸುತ್ತದೆ. ಉಳಿಯುವುದು ಮತ್ತೆ ಲಾರಿಲ್ ಆಲ್ಕೋಹಾಲ್. ಅದು ಆಲ್ಡಿಹೈಡ್ ಆಗುತ್ತದೆ, ಆಮೇಲೆ ಲಾರಿಕ್ ಆಮ್ಲ. ನಾವು ಕೊಬ್ಬರಿ ಎಣ್ಣೆಯಲ್ಲಿ ತಿನ್ನುವ ಲಾರಿಕ್ ಆಮ್ಲವೇ. ಅಲ್ಲಿಂದ ಎರಡೆರಡು ಕಾರ್ಬನ್ ಕತ್ತರಿಸುತ್ತಾ ಹೋಗುತ್ತದೆ, ನಮ್ಮ ದೇಹ ಕೊಬ್ಬನ್ನು ಸುಡುವುದೂ ಇದೇ ದಾರಿಯಲ್ಲಿ. ಮೀನಿಗೂ ಈ ವಿದ್ಯೆ ಗೊತ್ತು. ಅದಕ್ಕೇ ಕೊಬ್ಬಿನ ಕಡೆ ಅಷ್ಟು ವಾಲುವ ವಸ್ತುವಾದರೂ ಡಿಡಿಟಿಯ ಹಾಗೆ ಮೀನಿನ ಮೈಯಲ್ಲಿ ವರ್ಷಗಟ್ಟಲೆ ಕೂಡಿಕೊಳ್ಳುವುದಿಲ್ಲ.

ಹಾಗಾಗಿ ಭೋಸರಿಯ ಲಾರಿಲ್ ಅಫಜಲಪುರದ ತನಕ ಬರುವುದಿಲ್ಲ. ದಾರಿಯಲ್ಲೇ ಖಾಲಿಯಾಗುತ್ತದೆ. ನಿಮಗೆ ತಲುಪುವುದು ಬೇರೆ ಸರಕು. ಕೊಳಚೆಯ ಸಾರಜನಕ, ರಂಜಕ. ಉಜನಿಯಲ್ಲಿ ಪಾಚಿ, ಜಲಕುಂಭಿ ಬೆಳೆಸುವುದು ಅವೇ. ಸಿಟ್ಟು ಮಾಡಿಕೊಳ್ಳುವುದಾದರೆ ಅವುಗಳ ಮೇಲೆ ಮಾಡಿಕೊಳ್ಳಿ.

ಭೀಮಾತೀರದವ, ಪುಣೆ

ದಾರಿಯಲ್ಲೇ ಖಾಲಿಯಾಗುತ್ತದೆ ಅಂದರೆ ಚೆಲ್ಲಿದವರಿಗೆ ಮಾಫಿನಾ? ಇದೇ ಮಾತನ್ನು ಹಿಡಿದುಕೊಂಡೇ ಎಲ್ಲರೂ ಬಿಡುತ್ತಾರೆ. ‘ಬಯೋಡಿಗ್ರೇಡೆಬಲ್ ಇದೆ, ಏನೂ ಆಗಲ್ಲ.’

ಮಾಟುಂಗಾ ರಾಯರು, ಮುಂಬೈ

ಮಾಫಿ ಎಲ್ಲಿ ಹೇಳಿದೆ? ಲೆಕ್ಕ ಹಾಕಿ ತೋರಿಸುತ್ತೇನೆ, ನೀವೇ ನೋಡಿ.

ಒಂದು ಲಾರಿಲ್ ಅಣು ಪೂರ್ತಿ ಕೊಳೆಯಲು ಹದಿನೆಂಟು ಆಕ್ಸಿಜನ್ ಅಣು ಬೇಕು. ತೂಕಕ್ಕೆ ಇಳಿಸಿದರೆ 1 ಕಿಲೋ ಲಾರಿಲ್‌ಗೆ 3 ಕಿಲೋಗಿಂತ ಸ್ವಲ್ಪ ಜಾಸ್ತಿ ಆಕ್ಸಿಜನ್. ನಮ್ಮ ಕಡೆಯ ಬೆಚ್ಚಗಿನ ನೀರಿನಲ್ಲಿ, ನೀರು ಒಳ್ಳೆಯದಿದ್ದರೆ, ಲೀಟರಿಗೆ 8 ಮಿಲಿಗ್ರಾಂ ಆಕ್ಸಿಜನ್ ಇರುತ್ತದೆ. ಅಂದರೆ 1 ಕಿಲೋ ಮಾಲು ಸುಮಾರು 4 ಲಕ್ಷ ಲೀಟರ್ ಶುದ್ಧ ನೀರಿನ ಉಸಿರನ್ನೆಲ್ಲ ಕುಡಿದುಬಿಡುತ್ತದೆ. ಹರಿಯುವ ನದಿ ಮೇಲಿನ ಗಾಳಿಯಿಂದ ಮತ್ತೆ ತುಂಬಿಕೊಳ್ಳುತ್ತದೆ, ನಿಜ. ನಿಂತ ನಾಲೆ ತುಂಬಿಕೊಳ್ಳುವುದಿಲ್ಲ. ಭೋಸರಿಯ ನಾಲೆಯಲ್ಲಿ ಮೊದಲೇ ಎಷ್ಟು ಉಸಿರಿದೆ ಅಂತ ಅದರ ಬಣ್ಣ ನೋಡಿದರೆ ಗೊತ್ತಾಗುತ್ತದೆ.

ಬೇಗ ಕೊಳೆಯುವುದು ಅಂದರೆ ಬೇಗ ಆಕ್ಸಿಜನ್ ತಿನ್ನುವುದು. ಲೇಬಲ್ ಮೇಲೆ ಹಸಿರು ಎಲೆ ಬರೆಯುವವರು ಈ ಅರ್ಧವನ್ನು ಹೇಳುವುದಿಲ್ಲ. ಆಕ್ಸಿಜನ್ ಮುಗಿದ ಮೇಲೂ ಕೊಳೆಯುತ್ತದೆ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಇದನ್ನು ಮೀಥೇನ್ ತನಕ ಒಯ್ಯುತ್ತವೆ. ಆದರೆ ಅಷ್ಟರಲ್ಲಿ ಆ ನೀರಿನಲ್ಲಿ ಮೀನು ಇರುವುದಿಲ್ಲ, ವಾಸನೆ ಇರುತ್ತದೆ.

ಕಾರ್ಯದರ್ಶಿ ಅಕ್ಕ, ಪಿಂಪಳೆ ಸೌದಾಗರ್

ರಾಯರೇ, ಈ ಮಾತನ್ನು ಪ್ರಿಂಟ್ ಹಾಕಿ ನಮ್ಮ ಸೊಸೈಟಿಯ ನೋಟಿಸ್ ಬೋರ್ಡಿಗೆ ಅಂಟಿಸಲೇ? ನಮ್ಮಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಇದೆ. ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅಂತ ರಾತ್ರಿ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಬಂದ್ ಮಾಡುತ್ತಾರೆ. ಬೆಳಿಗ್ಗೆ ತೊಟ್ಟಿ ಕಪ್ಪು, ಮೇಲೆ ಕಂದು ನೊರೆ, ಇಡೀ ಪಾರ್ಕಿಂಗ್ ನಾರುತ್ತದೆ. ಹೋದ ಮೀಟಿಂಗ್‌ನಲ್ಲಿ ಒಬ್ಬರು ‘ಎಲ್ಲರೂ ಗಿಡಮೂಲದ ಡಿಟರ್ಜೆಂಟ್ ತಗೊಳ್ಳಿ, ಸರಿಹೋಗುತ್ತದೆ’ ಎಂದು ಠರಾವು ಮಂಡಿಸಿದರು. ಪಾಸೂ ಆಯಿತು! ಬ್ಲೋವರ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ತಳೋಜಾ ಮೂರನೇ ಪಾಳಿ, ನವಿ ಮುಂಬೈ

ಅಕ್ಕಾ, ಬ್ಲೋವರ್ ಬಂದ್ ಮಾಡಿದರೆ ಯಾವ ಡಿಟರ್ಜೆಂಟೂ ನಿಮ್ಮನ್ನು ಕಾಪಾಡಲ್ಲ. ಗಾಳಿ ಇಲ್ಲದೆ ತೊಟ್ಟಿಯ ಬ್ಯಾಕ್ಟೀರಿಯಾ ಸತ್ತರೆ ಮತ್ತೆ ಬೆಳೆಸಲು ವಾರಗಳೇ ಬೇಕು. ಬಿಲ್ ಉಳಿಸಲೇಬೇಕು ಅಂದರೆ ಪೂರ್ತಿ ಬಂದ್ ಬೇಡ, ಸ್ವಲ್ಪ ಹೊತ್ತು ನಿಲ್ಲಿಸಿ ಸ್ವಲ್ಪ ಹೊತ್ತು ಓಡಿಸುವ ಟೈಮರ್ ಹಾಕಿಸಿ. ತೊಟ್ಟಿಯ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಕ್ಸಿಜನ್ ಇರುವ ಹಾಗೆ ನೋಡಿಕೊಳ್ಳಲು ಆಪರೇಟರ್‌ಗೆ ಹೇಳಿ. ಅಳೆಯುವ ಮೀಟರ್ ಸಿಗುತ್ತದೆ.

ಇನ್ನು ಗಿಡಮೂಲ. ಲಾರಿಲ್, ಸೀಟೈಲ್‌ನಂಥ ಉದ್ದ ಸರಪಳಿಯವಕ್ಕೆ ಫ್ಯಾಟಿ ಆಲ್ಕೋಹಾಲ್ ಅನ್ನುತ್ತಾರೆ, ಅದು ಎರಡು ಕಡೆಯಿಂದ ಬರುತ್ತದೆ. ತಾಳೆ ಬೀಜದ ಎಣ್ಣೆ, ಕೊಬ್ಬರಿ ಎಣ್ಣೆಯನ್ನು ಎಸ್ಟರ್ ಮಾಡಿ ಭಾರೀ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿದರೆ ಒಂದು. ಪೆಟ್ರೋಲಿಯಂನ ಎಥಿಲೀನ್ ಜೋಡಿಸುತ್ತಾ ಹೋದರೆ ಇನ್ನೊಂದು, ಜರ್ಮನಿಯ ಜೀಗ್ಲರ್ ಕಂಡುಹಿಡಿದ ದಾರಿ. ಹನ್ನೆರಡರ ನೇರ ಸರಪಳಿ ಎರಡರಲ್ಲೂ ಒಂದೇ ಅಣು. ಬ್ಯಾಕ್ಟೀರಿಯಾ ಹುಟ್ಟಿದ ಊರು ಕೇಳುವುದಿಲ್ಲ. ಸರಪಳಿಯಲ್ಲಿ ಕವಲು ಜಾಸ್ತಿಯಾದರೆ ಮಾತ್ರ ತಿನ್ನುವುದು ನಿಧಾನ.

ಮಾಟುಂಗಾ ರಾಯರು, ಮುಂಬೈ

ಕವಲಿನ ಮಾತು ಸರಿ. 1950ರ ದಶಕದಲ್ಲಿ ಯುರೋಪ್, ಅಮೆರಿಕದ ನದಿಗಳಲ್ಲಿ ನೊರೆ ಗುಡ್ಡ ಎದ್ದಿದ್ದು ಕವಲು ಸರಪಳಿಯ ಡಿಟರ್ಜೆಂಟಿನಿಂದ. 60ರ ದಶಕದಲ್ಲಿ ನೇರ ಸರಪಳಿಗೆ ಬದಲಾಯಿಸಿದ ಮೇಲೆ ಇಳಿಯಿತು. ಅಣು ಬದಲಾಯಿಸಿ ಅವರು ಗೆದ್ದರು. ನಮ್ಮಲ್ಲಿ ಅಣು ಆಗಲೇ ಬದಲಾಗಿದೆ, ಕೊಳಚೆ ನೀರು ಮಾತ್ರ ಹಾಗೇ ನದಿಗೆ ಹೋಗುತ್ತಿದೆ.

ಅಕ್ಕಾ, ಪ್ರಿಂಟ್ ಹಾಕಿ, ಅಡ್ಡಿಯಿಲ್ಲ. ನನ್ನ ಹೆಸರು ಬೇಡ.

ಮಡಗಾಂವ್ ಮಾಸ್ತರ, ಗೋವಾ

ತಡವಾಗಿ ಬಂದೆ. ಎಲ್ಲರೂ ಕಾರ್ಖಾನೆ ಮಾತೇ ಆಡುತ್ತಿದ್ದೀರಿ, ಸಮುದ್ರ ಮರೆತಿರಿ. ಫ್ಯಾಟಿ ಆಲ್ಕೋಹಾಲ್ ಮನುಷ್ಯ ಮಾಡುವ ಮೊದಲೇ ಇತ್ತು. ಎಲೆಗಳ ಮೇಲಿನ ಮೇಣದಲ್ಲಿ ಇದೆ, ಇಪ್ಪತ್ತೆರಡು ಕಾರ್ಬನ್‌ಗಿಂತ ಉದ್ದದ್ದು. ಸಮುದ್ರದ ಸಣ್ಣ ಜೀವಿಗಳು ಹದಿನಾಲ್ಕು, ಹದಿನಾರರದ್ದನ್ನು ಮೇಣವಾಗಿಸಿ ಮೈಯಲ್ಲಿ ಆಹಾರದ ದಾಸ್ತಾನು ಇಟ್ಟುಕೊಳ್ಳುತ್ತವೆ. ಮಾಂಡವಿ, ಜುವಾರಿಯಂಥ ನದಿ ಸಮುದ್ರ ಸೇರುವ ಕಡೆ ಕೆಸರು ತೆಗೆದು ಯಾವ ಉದ್ದದ ಸರಪಳಿ ಎಷ್ಟಿದೆ ಎಂದು ಅಳೆದರೆ, ಆ ಕೆಸರಿನಲ್ಲಿ ನೆಲದ ಎಲೆ ಎಷ್ಟು, ಸಮುದ್ರದ ಜೀವ ಎಷ್ಟು, ಊರಿನ ಕೊಳಚೆ ಎಷ್ಟು ಎಂದು ಅಂದಾಜು ಮಾಡಬಹುದು. ಹೆಚ್ಚಿನವು ಸಮಸಂಖ್ಯೆಯ ಕಾರ್ಬನ್‌ನವೇ, ಜೀವಿಗಳು ಎರಡೆರಡು ಸೇರಿಸಿಯೇ ಕಟ್ಟುವುದರಿಂದ.

ಸೀಟೈಲ್ ಆಲ್ಕೋಹಾಲ್ ಅನ್ನು 1817ರಲ್ಲಿ ಫ್ರಾನ್ಸಿನ ಶೆವ್ರೆಲ್ ಮೊದಲು ಬೇರ್ಪಡಿಸಿದ್ದು ತಿಮಿಂಗಿಲದ ತಲೆಯ ಮೇಣದಿಂದ. ಈಗ ತಿಮಿಂಗಿಲ ಯಾರಿಗೂ ಬೇಡ, ತಾಳೆ ಎಣ್ಣೆ ಸಾಕು. ನಮ್ಮ ಕೊಂಕಣ ಕರಾವಳಿಯಲ್ಲಿ ಆಗಾಗ ಪೊಲೀಸರು ಹಿಡಿಯುವ ಅಂಬರ್‌ಗ್ರಿಸ್ ಬೇರೆ ವಸ್ತು, ಅದು ಕರುಳಿನದ್ದು. ಜನ ಎರಡನ್ನೂ ಕಲಸುತ್ತಾರೆ.

ಇಂಡಿ ಇಂಜಿನಿಯರ್, ಪುಣೆ

ನಾನು ನೀರಾವರಿಯವ. ಕೆರೆಯ ಮೇಲೆ ಸೀಟೈಲ್ ಪುಡಿ ಹರಡಿದರೆ ನೀರು ಆವಿಯಾಗುವುದು ಕಡಿಮೆಯಾಗುತ್ತದೆ ಅಂತ ಓದಿದ್ದೆ. ಉಜನಿಯಂಥ ಆಳವಿಲ್ಲದ ದೊಡ್ಡ ಹಿನ್ನೀರಿಗೆ ಇದು ಆಗುತ್ತದಾ?

ಮಾಟುಂಗಾ ರಾಯರು, ಮುಂಬೈ

ಇದು ನನಗೆ ಪ್ರೀತಿಯ ವಿಷಯ, ಸ್ವಲ್ಪ ಉದ್ದ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ಸೀಟೈಲ್ ಅಣುಗಳು ನೀರಿನ ಮೇಲೆ ಓಎಚ್ ತಲೆ ಕೆಳಗೆ, ಬಾಲ ಮೇಲೆ ಮಾಡಿ ಒತ್ತೊತ್ತಾಗಿ ನಿಲ್ಲುತ್ತವೆ. ಒಂದೇ ಅಣುವಿನಷ್ಟು ದಪ್ಪದ ಹೊದಿಕೆ, ಸುಮಾರು 2 ನ್ಯಾನೋಮೀಟರ್. ಒಂದು ಅಣು ಹಿಡಿಯುವ ಜಾಗ 0.2 ಚದರ ನ್ಯಾನೋಮೀಟರ್. ಲೆಕ್ಕ ಹಾಕಿದರೆ ಒಂದು ಚದರ ಮೀಟರಿಗೆ 2 ಮಿಲಿಗ್ರಾಂ. ಒಂದು ಹೆಕ್ಟೇರಿಗೆ 20 ಗ್ರಾಂ. ಒಂದು ಚದರ ಕಿಲೋಮೀಟರಿಗೆ ಬರೀ 2 ಕಿಲೋ! ಕಾಗದದ ಮೇಲೆ ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಲಾರಿಲ್ ಇದಕ್ಕೆ ಬರುವುದಿಲ್ಲ, ಗಿಡ್ಡ ಬಾಲಗಳ ನಡುವೆ ಸಂದು ಬಿಟ್ಟುಕೊಳ್ಳುತ್ತದೆ, ಅಲ್ಲಿಂದ ಆವಿ ನುಸುಳುತ್ತದೆ. ಹದಿನಾರು–ಹದಿನೆಂಟರ ಮಿಶ್ರಣವೇ ಬೇಕು.

1950ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬುವರು ಇದನ್ನು ಕೆರೆಗಳ ಮೇಲೆ ಪ್ರಯೋಗ ಮಾಡಿದರು. 1958ರಲ್ಲಿ ಅಮೆರಿಕದ ಓಕ್ಲಹೋಮಾದ ಲೇಕ್ ಹೆಫ್ನರ್‌ನಲ್ಲಿ ದೊಡ್ಡದಾಗಿ ಮಾಡಿದರು. ಆವಿಯಾಗಬೇಕಿದ್ದ ನೀರಿನಲ್ಲಿ ಉಳಿತಾಯವಾದದ್ದು ಸುಮಾರು ಶೇ. 9. ಪ್ರಯೋಗಾಲಯದ ಬೋಗುಣಿಯಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಕೆರೆಯಲ್ಲಿ ಸಿಗದೇ ಇರುವುದಕ್ಕೆ ಮೊದಲ ಕಾರಣ ಗಾಳಿ. ಸ್ವಲ್ಪ ಜೋರಾಗಿ ಬೀಸಿದರೆ ಹೊದಿಕೆ ಹರಿದು ಪೂರ್ತಿ ಒಂದು ದಂಡೆಗೆ ಹೋಗಿ ಸುಕ್ಕುಗಟ್ಟುತ್ತದೆ. ಎರಡನೆಯದು ನಾವು ಇಷ್ಟು ಹೊತ್ತು ಹೊಗಳಿದ ಗುಣವೇ. ಬ್ಯಾಕ್ಟೀರಿಯಾ ತಿಂದುಬಿಡುತ್ತದೆ. ಹರಡುತ್ತಲೇ ಇರಬೇಕು. ನಮ್ಮ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ (ಎನ್‌ಸಿಎಲ್) ಜನರೂ ಈ ವಿಷಯದಲ್ಲಿ ಕೆಲಸ ಮಾಡಿದ್ದಾರೆ, ಸೀಟೈಲ್‌ಗಿಂತ ಚೆನ್ನಾಗಿ ಹರಡುವ ಆಲ್ಕಾಕ್ಸಿ ಎಥನಾಲ್‌ಗಳನ್ನು ಮಾಡಿದರು.

ಉಜನಿಗೆ? ಬೇಸಿಗೆಯಲ್ಲಿ ಆ ಬಯಲಿನ ಗಾಳಿ ನೋಡಿದ್ದೀರಲ್ಲ. ನನ್ನ ಮಟ್ಟಿಗೆ ಆಗದ ಮಾತು. ಗುಡ್ಡದ ಮರೆಯಲ್ಲಿರುವ ಸಣ್ಣ ಕುಡಿಯುವ ನೀರಿನ ಕೆರೆಗೆ, ಬರಗಾಲದಲ್ಲಿ, ಎರಡು ಮೂರು ತಿಂಗಳ ಮಟ್ಟಿಗೆ ಆದರೆ ಯೋಚಿಸಬಹುದು.

ಇಂಡಿ ಇಂಜಿನಿಯರ್, ಪುಣೆ

ಇನ್ನೊಂದು ಮಾತು, ಹೊದಿಕೆ ಹಾಕಿದಾಗ ನೀರಿನ ಶಾಖ ಹೊರಗೆ ಹೋಗದೆ ಮೇಲ್ಮೈ ಬಿಸಿಯಾಗುತ್ತದಲ್ಲ? ಹರಿದ ಕಡೆಯಿಂದ ಆವಿ ಇನ್ನೂ ಜೋರಾಗಿ ಹೋಗುತ್ತದೆ.

ಮಾಟುಂಗಾ ರಾಯರು, ಮುಂಬೈ

ಹೌದು, ಅದೂ ಒಂದು ಕಾರಣ. ಉಳಿತಾಯದಲ್ಲಿ ಒಂದು ಪಾಲು ಹಾಗೆ ವಾಪಸ್ ಹೋಗುತ್ತದೆ.

ಭೋಸರಿ ಬಸು, ಪುಣೆ

ಇಷ್ಟು ದೂರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಮುಂದಿನ ಸಲ ಚೆಲ್ಲಿದರೆ ಏನು ಮಾಡಬೇಕು, ಅದಿಷ್ಟು ಹೇಳಿಬಿಡಿ. ಹುಡುಗರಿಗೆ ಮರಾಠಿಯಲ್ಲಿ ಬರೆದು ಗೋಡೆಗೆ ಹಾಕುತ್ತೇನೆ.

ತಳೋಜಾ ಮೂರನೇ ಪಾಳಿ, ನವಿ ಮುಂಬೈ

ಪುಣೆಯ ಚಳಿ ನಿಮ್ಮ ಕಡೆಗೇ ಇದೆ ಮಾರಾಯ, ಅದನ್ನೇ ಬಳಸಿಕೊಳ್ಳಿ. ನೀರು ಮುಟ್ಟಬೇಡಿ. ಮೊದಲು ಮೋರಿಯ ಬಾಯಿಗೆ ಮರಳು ಚೀಲ ಇಡಿ. ಚೆಲ್ಲಿದ್ದು ತಣ್ಣನೆಯ ಕಾಂಕ್ರೀಟ್ ಮೇಲೆ ಹೆಪ್ಪುಗಟ್ಟಲು ಬಿಡಿ. ಆಮೇಲೆ ತಗಡಿನ ಚೂರಿನಿಂದ ಕೆರೆದು ಚೀಲಕ್ಕೆ ತುಂಬಿ. ಉಳಿದ ಪಸೆಗೆ ಮರದ ಹೊಟ್ಟು ಹಾಕಿ ಉಜ್ಜಿ ಗುಡಿಸಿ. ಬೇಸಿಗೆಯಲ್ಲಿ ಹೆಪ್ಪುಗಟ್ಟುವುದಿಲ್ಲ, ಆಗ ನೇರ ಹೊಟ್ಟು ಅಥವಾ ಮರಳು. ನೆಲ ತುಂಬಾ ಜಾರುತ್ತದೆ, ಬೂಟು ಇರಲಿ. ಕನ್ನಡಕ ಕೂಡ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಡ್ರಮ್ ಬಗ್ಗಿಸುವ ಜಾಗದ ಸುತ್ತ ಒಂದು ಗೇಣು ಎತ್ತರದ ಕಟ್ಟೆ ಕಟ್ಟಿಸಿ, ಒಂದು ದಿನದ ಗಾರೆ ಕೆಲಸ.

ಭೋಸರಿ ಬಸು, ಪುಣೆ

ಕೆರೆದ ಮಾಲನ್ನು ಮತ್ತೆ ಕರಗಿಸಿ ಬಳಸಬಹುದಾ? ಮಾವನ ಮಗ ಕೇಳುತ್ತಿದ್ದಾನೆ, ದುಡ್ಡಿನ ಮಾಲು ಅಂತ.

ತಳೋಜಾ ಮೂರನೇ ಪಾಳಿ, ನವಿ ಮುಂಬೈ

ಮುಖಕ್ಕೆ ಹಚ್ಚುವ ಕ್ರೀಮಿಗೆ ನೆಲದ ಮಾಲಾ? ಬೇಡವೇ ಬೇಡ. ಬೇರೆ ಡ್ರಮ್‌ನಲ್ಲಿ ಹಾಕಿ, ಮೇಲೆ ಏನೆಂದು ಬರೆದಿಡಿ, ಎಂಪಿಸಿಬಿ (ಮಹಾರಾಷ್ಟ್ರದ ಮಾಲಿನ್ಯ ನಿಯಂತ್ರಣ ಮಂಡಳಿ) ಪರವಾನಗಿ ಇರುವ ತ್ಯಾಜ್ಯದವರಿಗೆ ಕೊಡಿ. ರಸೀದಿ ಇಸಿದುಕೊಳ್ಳಿ. ಪಕ್ಕದ ಶೆಡ್‌ನವರು ಮತ್ತೆ ಬಂದರೆ ತೋರಿಸಲಿಕ್ಕೆ ಆಗುತ್ತದೆ.